‘ಇದು ನಿನಗೆ ಹೇಗೆ ಗೊತ್ತು?’: ಸ್ಲಂಡಾಗ್ ಮಿಲಿಯನೇರ್ ಮತ್ತು ಬಡವರ ಮೇಲಿನ ಅನುಮಾನ

ಪೊಲೀಸ್ ಸ್ಟೇಷನ್ನಿನಲ್ಲಿ ಒಂದು ದೃಶ್ಯ ಇದೆ. ಇನ್‌ಸ್ಪೆಕ್ಟರ್ ಪಾತ್ರದಲ್ಲಿ ಇರ್ಫಾನ್ ಖಾನ್. ಎದುರಿಗೆ ರಾತ್ರಿಯೆಲ್ಲ ಏಟು ತಿಂದು, ಕರೆಂಟ್ ಶಾಕ್ ಕೊಡಿಸಿಕೊಂಡು ಸುಸ್ತಾದ ಹುಡುಗ ಜಮಾಲ್. ಟಿವಿಯ ಪ್ರಶ್ನೋತ್ತರ ಆಟದಲ್ಲಿ ಮೋಸ ಮಾಡಿ ಗೆಲ್ಲುತ್ತಿದ್ದಾನೆ ಅನ್ನೋ ಅನುಮಾನ ಅವನ ಮೇಲೆ. ನಮ್ಮ ರಾಷ್ಟ್ರ ಲಾಂಛನದ ಕೆಳಗೆ ‘ಸತ್ಯಮೇವ ಜಯತೇ’ ಅಂತ ಇರೋದು ನನ್ನ 5 ವರ್ಷದ ಮಗಳಿಗೂ ಗೊತ್ತು, ಅದು ಗೊತ್ತಿಲ್ಲದ ನಿನಗೆ ಬೇರೆ ಕಷ್ಟದ ಪ್ರಶ್ನೆಗಳೆಲ್ಲ ಹೇಗೆ ಬಂದವು ಅಂತ ಇನ್‌ಸ್ಪೆಕ್ಟರ್ ಕೇಳುತ್ತಾನೆ. ಹುಡುಗ ತಿರುಗಿ ಕೇಳುತ್ತಾನೆ: ಚೌಪಾಟಿಯ ಆ ಗಾಡಿಯಲ್ಲಿ ಪಾನಿಪೂರಿ ಎಷ್ಟು? 10 ರೂಪಾಯಿ ಅಂತ ಉತ್ತರ ಬರುತ್ತೆ. ತಪ್ಪು, ದೀಪಾವಳಿಯಿಂದ 15. ಹೋದ ಗುರುವಾರ ಸಾಂತಾಕ್ರೂಜ್ ಸ್ಟೇಷನ್ ಹತ್ತಿರ ಕಾನ್‌ಸ್ಟೇಬಲ್ ಸೈಕಲ್ ಕದ್ದವರು ಯಾರು? ಅದು ಇನ್‌ಸ್ಪೆಕ್ಟರಿಗೆ ಗೊತ್ತಿಲ್ಲ. ಜುಹುವಿನಲ್ಲಿ ಎಲ್ಲರಿಗೂ ಗೊತ್ತು, 5 ವರ್ಷದ ಮಕ್ಕಳಿಗೂ ಗೊತ್ತು ಅಂತಾನೆ ಹುಡುಗ.

ನನಗೆ ಇಡೀ ‘ಸ್ಲಂಡಾಗ್ ಮಿಲಿಯನೇರ್’ ಸಿನಿಮಾ ಇರೋದು ಈ ಎರಡು ನಿಮಿಷದಲ್ಲಿ.

ಈ ಸಿನಿಮಾವನ್ನ ನಾನು 2009ರ ಜನವರಿಯಲ್ಲಿ ಬೆಂಗಳೂರಿನಲ್ಲಿ, ಬಿಡುಗಡೆಯಾದ ವಾರವೇ ನೋಡಿದ್ದೆ. ಆಗ ಕುಣಿದುಕೊಂಡು ಹೊರಗೆ ಬಂದಿದ್ದೆ. ಈಚೆಗೆ ಮತ್ತೆ ನೋಡಿದೆ, ಈ ಸಲ ಕುಣಿತಕ್ಕಿಂತ ಜಾಸ್ತಿ ತಲೆಯಲ್ಲಿ ಉಳಿದದ್ದು ಆ ಪೊಲೀಸ್ ಸ್ಟೇಷನ್. ಜನ ಇದನ್ನ ಕೊಳೆಗೇರಿ ಹುಡುಗ ಕೋಟ್ಯಧಿಪತಿಯಾದ ಕಥೆ ಅಂತಾರೆ. ಆದರೆ ಸ್ವಲ್ಪ ಗಮನವಿಟ್ಟು ನೋಡಿ. ಇಡೀ ಸಿನಿಮಾದಲ್ಲಿ ಅವನು ದುಡ್ಡಿನ ಬಗ್ಗೆ ಮಾತಾಡೋದು ತೀರಾ ಕಡಿಮೆ. ಆ ಆಟಕ್ಕೆ ಬಂದಿದ್ದೇ ತಾನು ಪ್ರೀತಿಸೋ ಹುಡುಗಿ ಲತಿಕಾ ಟಿವಿಯಲ್ಲಿ ತನ್ನನ್ನ ನೋಡಲಿ ಅಂತ. ಶುರುವಿನಿಂದ ಕೊನೆಯವರೆಗೆ ಅವನು ಮಾಡೋ ಕೆಲಸ ಒಂದೇ, ತನಗೆ ಉತ್ತರ ಹೇಗೆ ಗೊತ್ತು ಅಂತ ವಿವರಣೆ ಕೊಡೋದು. ಬಡವನಿಗೆ ಏನಾದರೂ ಗೊತ್ತಿದ್ದರೆ, ಏನಾದರೂ ಸಿಕ್ಕಿದ್ದರೆ, ಮೊದಲು ಸಾಬೀತು ಮಾಡು ಅಂತ ಕೇಳೋ ನಮ್ಮ ಅಭ್ಯಾಸದ ಮೇಲೆ ನಿಂತ ಸಿನಿಮಾ ಇದು. 17 ವರ್ಷ ಆದ ಮೇಲೂ ಇದು ಹಳೆಯದಾಗಿಲ್ಲ ಅಂತ ನಾನು ಹೇಳೋದು ಅದಕ್ಕೇ.

ನೋಡದವರಿಗೆ ಕಥೆ ಸ್ವಲ್ಪದರಲ್ಲಿ ಹೇಳ್ತೀನಿ. ಜಮಾಲ್ ಮುಂಬೈನ ಒಂದು ಕಾಲ್ ಸೆಂಟರ್‌ನಲ್ಲಿ ಟೀ ಕೊಡುವ ಹುಡುಗ. ಕೋಟ್ಯಧಿಪತಿ ಥರದ ಆಟದಲ್ಲಿ ಒಂದೊಂದೇ ಪ್ರಶ್ನೆ ದಾಟಿ, 2 ಕೋಟಿಗೆ ಇನ್ನೊಂದೇ ಪ್ರಶ್ನೆ ಉಳಿದಾಗ ಅವನನ್ನ ಪೊಲೀಸರು ಎತ್ತಿಕೊಂಡು ಹೋಗ್ತಾರೆ. ಡಾಕ್ಟರು, ವಕೀಲರು, ಪ್ರೊಫೆಸರುಗಳೇ ಇಷ್ಟು ದೂರ ಬರೋದಿಲ್ಲ, ಇವನು ಹೇಗೆ ಬಂದ, ಮೋಸ ಮಾಡಿರಲೇಬೇಕು ಅನ್ನೋದು ಲೆಕ್ಕಾಚಾರ. ಒಂದೊಂದು ಪ್ರಶ್ನೆಯ ವಿಡಿಯೋ ಹಾಕಿ ಕೇಳ್ತಾರೆ, ಅವನು ಒಂದೊಂದಕ್ಕೂ ತನ್ನ ಬದುಕಿನ ಒಂದು ಗಾಯ ಬಿಚ್ಚಿ ತೋರಿಸ್ತಾನೆ. ವಿಕಾಸ್ ಸ್ವರೂಪ್ ಅವರ 2005ರ ಕಾದಂಬರಿಯನ್ನ ಆಧರಿಸಿ ಸೈಮನ್ ಬ್ಯೂಫಾಯ್ ಚಿತ್ರಕಥೆ ಬರೆದರು, ಡ್ಯಾನಿ ಬಾಯ್ಲ್ ನಿರ್ದೇಶಿಸಿದರು, ಸಹ ನಿರ್ದೇಶಕಿಯಾಗಿ ಲವ್ಲೀನ್ ಟಂಡನ್ ಇದ್ದರು. 2009ರ ಫೆಬ್ರವರಿಯಲ್ಲಿ 8 ಆಸ್ಕರ್ ಬಂತು. ರಹಮಾನ್‌ಗೆ 2, ಗುಲ್ಜಾರ್‌ಗೆ ಹಾಡಿನಲ್ಲಿ ಪಾಲು, ಧ್ವನಿಗೆ ರಸೂಲ್ ಪೂಕುಟ್ಟಿಗೆ ಪಾಲು. ಲತಿಕಾ ಪಾತ್ರ ಮಾಡಿದ ಫ್ರೀಡಾ ಪಿಂಟೋ ಮುಂಬೈನಲ್ಲಿ ಹುಟ್ಟಿದ ಮಂಗಳೂರು ಮೂಲದ ಕುಟುಂಬದ ಹುಡುಗಿ, ಅದು ನಮ್ಮ ಕಡೆಯವರಿಗೆ ಇನ್ನೊಂದು ಖುಷಿ.

ಪ್ರಶ್ನೆಗಳನ್ನ ಜೋಡಿಸಿರೋ ರೀತಿ ನೋಡಿ. ಮೊದಲ ಪ್ರಶ್ನೆ ಅಮಿತಾಭ್ ಬಚ್ಚನ್ ಬಗ್ಗೆ. ಕೊಳೆಗೇರಿಯ ತಡಿಕೆ ಕಕ್ಕಸಿನಲ್ಲಿ ಅಣ್ಣ ಹೊರಗಿನಿಂದ ಬಾಗಿಲು ಬಿಗಿದಿದ್ದಾನೆ, ಮೇಲೆ ಹೆಲಿಕಾಪ್ಟರ್ ಬಂತು, ಅಮಿತಾಭ್ ಬಂದ ಅಂತ ಊರೆಲ್ಲ ಓಡ್ತಿದೆ. ಪುಟ್ಟ ಜಮಾಲ್ ಜೇಬಿನಿಂದ ಫೋಟೋ ತೆಗೆದು, ಒಂದು ಕೈ ಮೇಲೆತ್ತಿ ಅದನ್ನ ಹಿಡಿದುಕೊಂಡು, ಮೂಗು ಮುಚ್ಚಿ ಕೆಳಗಿನ ಗುಂಡಿಗೇ ಹಾರ್ತಾನೆ. ತಲೆಯಿಂದ ಪಾದದವರೆಗೆ ಹೊಲಸು, ಫೋಟೋ ಮಾತ್ರ ಸ್ವಚ್ಛ. ಅಸಹ್ಯ ಅಂತ ಕೆಲವರು ಮುಖ ತಿರುಗಿಸಿದ ದೃಶ್ಯ ಇದು. ನನಗೆ ಮಾತ್ರ ಆ ಎತ್ತಿದ ಕೈ ಬಿಟ್ಟು ಬೇರೇನೂ ಕಾಣೋದಿಲ್ಲ. ತಾನು ಏನಾದರೂ ಆಗಲಿ, ಕೈಯಲ್ಲಿರೋದು ಹಾಳಾಗಬಾರದು ಅನ್ನೋ ಮಗುವಿನ ಹಟ ಅದು. ಅಷ್ಟೆಲ್ಲ ಮಾಡಿ ಸಹಿ ಹಾಕಿಸಿಕೊಂಡು ಬಂದರೆ ಅಣ್ಣ ಸಲೀಂ ಅದನ್ನ ಕಾಸಿಗೆ ಮಾರಿಬಿಡ್ತಾನೆ.

ರಾಮನ ಬಲಗೈಯಲ್ಲಿ ಏನಿರುತ್ತೆ ಅನ್ನೋ ಪ್ರಶ್ನೆ ಬಂದಾಗ ಅವನು ಹೇಳೋ ಮಾತು ಎದೆಗೆ ನಾಟುತ್ತೆ. ಗಲಭೆಯಲ್ಲಿ ಅಮ್ಮನನ್ನ ಕಣ್ಣೆದುರೇ ಕಳೆದುಕೊಂಡು ಓಡುವಾಗ, ಗಲ್ಲಿಯಲ್ಲಿ ನೀಲಿ ಬಣ್ಣ ಬಳಿದುಕೊಂಡು ಬಿಲ್ಲು ಬಾಣ ಹಿಡಿದು ನಿಂತಿದ್ದ ಒಂದು ಮಗು ಅವನ ಕಣ್ಣಿಗೆ ಬಿದ್ದಿತ್ತು. ಹಾಗಾಗಿ ಉತ್ತರ ಗೊತ್ತು. ಗೊತ್ತಿರದಿದ್ದರೇ ಚೆನ್ನಾಗಿತ್ತು ಅನ್ನೋ ಥರ ಅವನು ಅದನ್ನ ಹೇಳ್ತಾನೆ. ನಾವು ಪುಸ್ತಕ ಓದಿ, ಟ್ಯೂಷನ್ನಿಗೆ ಹೋಗಿ ಕಲಿತದ್ದಕ್ಕೆ ಜ್ಞಾನ ಅಂತೀವಿ. ಅವನು ಬೆಲೆ ತೆತ್ತು ಕಲಿತದ್ದಕ್ಕೆ ಮೋಸ ಅಂತೀವಿ.

ಒಂದು ಭಜನೆ ಬರೆದವರು ಯಾರು ಅಂತ ಇನ್ನೊಂದು ಪ್ರಶ್ನೆ. ಭಿಕ್ಷೆ ಬೇಡಿಸೋ ತಂಡದವನು ಮಕ್ಕಳಿಗೆ ಈ ಹಾಡು ಕಲಿಸಿ, ಚೆನ್ನಾಗಿ ಹಾಡೋ ಹುಡುಗನನ್ನ ಕುರುಡು ಮಾಡಿಸ್ತಾನೆ. ಕುರುಡ ಹಾಡುಗಾರನಿಗೆ ಕಾಸು ಜಾಸ್ತಿ ಬೀಳುತ್ತೆ ಅಂತ. ಜಮಾಲ್ ಸೂರದಾಸ್ ಅಂತಾನೆ, ಸರಿ ಉತ್ತರ ಅಂತ ದೀಪ ಹತ್ತುತ್ತೆ. ನಿಜ ಹೇಳಬೇಕೆಂದರೆ ಇಲ್ಲಿ ಸಿನಿಮಾದವರೇ ಎಡವಿದ್ದಾರೆ. ‘ದರ್ಶನ್ ದೋ ಘನಶ್ಯಾಮ್’ ಬರೆದವರು ಗೋಪಾಲ್ ಸಿಂಗ್ ನೇಪಾಲಿ, 1957ರ ‘ನರಸಿ ಭಗತ್’ ಅನ್ನೋ ಹಿಂದಿ ಚಿತ್ರಕ್ಕೆ. ಇಷ್ಟು ದೊಡ್ಡ ಚಿತ್ರದಲ್ಲಿ ಒಬ್ಬ ಕವಿಯ ಹೆಸರು ಹೀಗೆ ಕಳೆದುಹೋಯ್ತಲ್ಲ ಅನ್ನೋ ಬೇಜಾರು ನನಗೆ ಈಗಲೂ ಇದೆ.

ಆ ಕಣ್ಣು ಕಳೆದುಕೊಂಡ ಹುಡುಗ ಅರವಿಂದ ವರ್ಷಗಳಾದ ಮೇಲೆ ಒಂದು ಸುರಂಗದಾರಿಯಲ್ಲಿ ಹಾಡ್ತಾ ಕೂತಿರ್ತಾನೆ. ಜಮಾಲ್ 100 ಡಾಲರ್ ನೋಟು ಕೈಗಿಡ್ತಾನೆ. ಅವನಿಗೆ ನಂಬಿಕೆ ಬರಲ್ಲ, ಅದರ ಮೇಲೆ ಯಾರ ಚಿತ್ರ ಇದೆ ಅಂತ ಕೇಳ್ತಾನೆ. ಜಮಾಲ್ ಮುಖ ವರ್ಣಿಸ್ತಾನೆ, ಅವನು ಬೆಂಜಮಿನ್ ಫ್ರಾಂಕ್ಲಿನ್ ಅಂತಾನೆ. ಕಣ್ಣಿಲ್ಲದವನಿಗೆ ಗೊತ್ತಿತ್ತು, ಆಟದಲ್ಲಿ ಉತ್ತರ ಆದದ್ದು ಅದೇ. ನೀನು ಪಾರಾದೆ, ನಾನು ಆಗಲಿಲ್ಲ, ಅಷ್ಟೇ ವ್ಯತ್ಯಾಸ ಅನ್ನೋ ಅರ್ಥದಲ್ಲಿ ಅರವಿಂದ ಮಾತಾಡ್ತಾನೆ. ಈ ಸಿನಿಮಾ ಬಡತನದಿಂದ ಹೊರಗೆ ಬರೋದು ಸುಲಭ ಅಂತ ತೋರಿಸಿದೆ ಅಂತ ಯಾರಾದರೂ ಅಂದರೆ ಈ ದೃಶ್ಯ ಇನ್ನೊಂದು ಸಲ ನೋಡಿ ಅಂತೀನಿ. ಒಬ್ಬ ಹೊರಗೆ ಬಂದ. ಅಣ್ಣ ನೋಟು ತುಂಬಿದ ಬಾತ್‌ಟಬ್ಬಿನಲ್ಲಿ ಸತ್ತ. ಗೆಳೆಯ ಸುರಂಗದಲ್ಲೇ ಉಳಿದ.

ಈಗ ಅನುಮಾನದ ಮಾತಿಗೆ ಬರ್ತೀನಿ. ಪೊಲೀಸರಿಗೆ ಹಿಡಿದುಕೊಟ್ಟವನು ಯಾರು? ಅನಿಲ್ ಕಪೂರ್ ಮಾಡಿರೋ ನಿರೂಪಕನ ಪಾತ್ರ, ಪ್ರೇಮ್ ಕುಮಾರ್. ಅವನೂ ಕೆಳಗಿನಿಂದಲೇ ಮೇಲೆ ಬಂದವನು ಅಂತ ಅವನೇ ಹೇಳಿಕೊಳ್ತಾನೆ. ಶೌಚಾಲಯದ ಕನ್ನಡಿಯ ಮೇಲೆ ಬೇಕಂತಲೇ ತಪ್ಪು ಉತ್ತರ ಬರೆದು ಹೋಗ್ತಾನೆ, ಹುಡುಗ ಬಲೆಗೆ ಬೀಳದಿದ್ದಾಗ ಪೊಲೀಸರನ್ನ ಕರೀತಾನೆ. ತಾನು ಏಣಿ ಹತ್ತಿದ ಮೇಲೆ ಇನ್ನೊಬ್ಬ ಹತ್ತೋದನ್ನ ಸಹಿಸದ ಮನುಷ್ಯ. ಎಲ್ಲರನ್ನ ನಗಿಸೋ ನಿರೂಪಕನ ಒಳಗೆ ಇಂಥ ಕಹಿ ಇಟ್ಟಿದ್ದಾರಲ್ಲ, ಅದು ಬರವಣಿಗೆಯ ಜಾಣತನ. ನಮ್ಮಲ್ಲಿ 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಶುರುವಾದಾಗ ಪುನೀತ್ ರಾಜ್‌ಕುಮಾರ್ ಕೂತಿದ್ದು ನೆನಪಾಗುತ್ತೆ. ಹಳ್ಳಿಯಿಂದ ಬಂದ ಹೆಂಗಸು ಆ ಕುರ್ಚಿ ಹತ್ತೋಕೆ ಹೆದರಿದರೆ ಅಪ್ಪು ಅವರ ಮನೆ ಮಂದಿಯ ವಿಷಯ ಮಾತಾಡಿಸಿ, ನಗಿಸಿ, ನೀವು ಹೇಳ್ತೀರ ಬಿಡಿ ಅನ್ನೋ ಹಾಗೆ ನೋಡೋರು. ಒಂದೇ ಆಟ, ಒಂದೇ ಕುರ್ಚಿ. ಎದುರಿಗೆ ಕೂತವರು ನಂಬ್ತಾರಾ ಇಲ್ವಾ ಅನ್ನೋದರ ಮೇಲೆ ಎಷ್ಟು ವ್ಯತ್ಯಾಸ ಆಗುತ್ತೆ, ಅಲ್ವಾ?

ನಮ್ಮ ಬೀದಿಯ ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇದೆ. ಪಾವಗಡದ ಕಡೆಯ ಕುಟುಂಬ. ಮಗ ಪಿಯುಸಿ ಓದ್ತಿದ್ದಾನೆ. ಒಂದು ಭಾನುವಾರ ಅವನನ್ನ ಕೂರಿಸಿಕೊಂಡೇ ನಾನು ಈ ಸಿನಿಮಾ ಮತ್ತೆ ನೋಡಿದ್ದು. ಪಾನಿಪೂರಿ ದೃಶ್ಯಕ್ಕೆ ಅವನು ನಗ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. “ನನ್ನ ಹತ್ರಾನೂ ಹಿಂಗೇ ಕೇಳಿದ್ರು ಆಂಟಿ” ಅಂದ. ಗಣಿತದ ಕಿರುಪರೀಕ್ಷೆಯಲ್ಲಿ 50ಕ್ಕೆ 47 ಬಂದಿತ್ತಂತೆ. ಮೇಷ್ಟ್ರು ಸ್ಟಾಫ್ ರೂಮಿಗೆ ಕರೆಸಿ, ಯಾರದನ್ನ ನೋಡಿ ಬರೆದೆ ಅಂತ ಕೇಳಿದರಂತೆ. ಇಲ್ಲ ಸಾರ್ ಅಂದರೆ ಬಿಳಿ ಹಾಳೆ ಕೊಟ್ಟು ಎರಡು ಲೆಕ್ಕ ಮಾಡು ಅಂದರು. ಬೇರೆ ಮೇಷ್ಟ್ರೆಲ್ಲ ಟೀ ಕುಡೀತಾ ನೋಡ್ತಿದ್ದರು. ಎರಡೂ ಮಾಡಿದ. ಸರಿ ಹೋಗು ಅಂದರು. ಅಷ್ಟೇ. ತಪ್ಪಾಯ್ತು ಅಂತ ಯಾರೂ ಅನ್ನಲಿಲ್ಲ. ಅವನು ಟಿವಿ ಕಡೆಗೇ ಕಣ್ಣಿಟ್ಟು, “ಮಾರ್ಕ್ಸ್ ಕಮ್ಮಿ ಬಂದಿದ್ರೆ ಯಾರೂ ಕರೀತಾನೇ ಇರಲಿಲ್ಲ” ಅಂದ. ನನಗೆ ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಫೇಲಾದ ಬಡ ಹುಡುಗನ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಗೆದ್ದವನ ಮೇಲೆ ಮಾತ್ರ.

ಇದನ್ನ ಬಡತನ ಮಾರಿದ ಸಿನಿಮಾ ಅಂತ ಆಗ ತುಂಬ ಜನ ಬೈದರು. ಬಿಳಿಯರು ಬಂದು ನಮ್ಮ ಹೊಲಸು ತೋರಿಸಿ ಪ್ರಶಸ್ತಿ ಹೊಡೆದುಕೊಂಡರು ಅಂದರು. ಹೆಸರಿನಲ್ಲಿ ನಾಯಿ ಅಂತ ಇದೆ ಅಂತ ಮುಂಬೈನಲ್ಲಿ ಕೊಳೆಗೇರಿಯ ಜನ ಫಲಕ ಹಿಡಿದು ನಿಂತರು, ಪಾಟ್ನಾದಲ್ಲಿ ಥಿಯೇಟರ್ ಮುಂದೆ ಗಲಾಟೆ ಆಯ್ತು. ಹೆಸರಿನ ಬಗ್ಗೆ ಆ ಜನರ ಸಿಟ್ಟು ನ್ಯಾಯವಾದದ್ದು. ಆ ಪದ ನನಗೂ ಹಿಡಿಸೋದಿಲ್ಲ. ಆದರೆ ದೇಶದ ಮಾನ ಹೋಯ್ತು ಅಂದ ಓದಿದವರ ಮಾತು ಬೇರೆ ಥರದ್ದು. ಕೊಳೆಗೇರಿ ಇದ್ದದ್ದಕ್ಕೆ ಅವರಿಗೆ ನಾಚಿಕೆ ಆಗಲಿಲ್ಲ, ಅದು ಪರದೆ ಮೇಲೆ ಬಂದದ್ದಕ್ಕೆ ಆಯ್ತು.

ಮತ್ತೆ ಕ್ಯಾಮೆರಾ ಆ ಜನರನ್ನ ಹೇಗೆ ನೋಡಿದೆ ಅನ್ನೋದು ಮುಖ್ಯ. ಛಾಯಾಗ್ರಾಹಕ ಆಂಥೊನಿ ಡಾಡ್ ಮ್ಯಾಂಟಲ್ ಚಿಕ್ಕ ಡಿಜಿಟಲ್ ಕ್ಯಾಮೆರಾ ಹಿಡಿದು ಮುಂಬೈನ ಜುಹು, ಧಾರಾವಿಯ ಕೊಳೆಗೇರಿ ಗಲ್ಲಿಗಳಲ್ಲಿ ಮಕ್ಕಳ ಹಿಂದೆ ಓಡಿದ್ದಾರೆ. ಕ್ಯಾಮೆರಾ ಮಕ್ಕಳ ಎತ್ತರದಲ್ಲೇ ಇರುತ್ತೆ. ರನ್‌ವೇ ಮೇಲೆ ಕ್ರಿಕೆಟ್ ಆಡೋವಾಗ, ಪೊಲೀಸರು ಅಟ್ಟಿಸಿಕೊಂಡು ಬಂದಾಗ, ಚರಂಡಿ ಹಾರೋವಾಗ ನಾವೂ ಅವರ ಜೊತೆ ಏದುಸಿರು ಬಿಡ್ತೀವಿ. ಅಯ್ಯೋ ಪಾಪ ಅನ್ನೋಕೆ ಪುರುಸೊತ್ತೇ ಸಿಗೋದಿಲ್ಲ. ಸುಮ್ನೆ ಕರುಣೆ ಗಿಟ್ಟಿಸೋ ಸಿನಿಮಾ ಆಗಿದ್ದರೆ ಕ್ಯಾಮೆರಾ ದೂರ ನಿಂತು, ನಿಧಾನಕ್ಕೆ ಅಳೋ ಮುಖದ ಹತ್ತಿರ ಹೋಗ್ತಿತ್ತು.

ಕೊರತೆಗಳು ಇಲ್ಲ ಅನ್ನೋದಿಲ್ಲ. ದೊಡ್ಡವನಾದ ಜಮಾಲ್ ಮಾತಾಡೋ ಇಂಗ್ಲಿಷ್ ಕೊಳೆಗೇರಿಯದ್ದಲ್ಲ, ತಾಜ್ ಮಹಲ್ ಹತ್ತಿರ ಗೈಡ್ ಆಗಿದ್ದ ಅನ್ನೋ ಸಮಾಧಾನ ಸಾಲೋದಿಲ್ಲ. ಲತಿಕಾ ಯಾವಾಗಲೂ ಯಾರಾದರೂ ಬಂದು ಬಿಡಿಸಲಿ ಅಂತ ಕಾಯ್ತಾನೇ ಇರ್ತಾಳೆ, ಅವಳಿಗೆ ಏನು ಗೊತ್ತು, ಅವಳು ಏನು ಕಲಿತಳು ಅಂತ ಯಾರೂ ಕೇಳೋದಿಲ್ಲ. ಹುಡುಗನ ತಿಳಿವಳಿಕೆಯ ಬಗ್ಗೆ ಇಷ್ಟು ಚೆನ್ನಾಗಿ ಮಾಡಿದ ಸಿನಿಮಾ ಹುಡುಗಿಯ ವಿಷಯದಲ್ಲಿ ಸೋತಿದೆ. ಇದು ನನಗೆ ಈ ಸಲ ಜಾಸ್ತಿ ಚುಚ್ಚಿತು. ಎಲ್ಲ ಹಣೆಬರಹ ಅಂತ ಕೊನೆಗೆ ಮುಗಿಸೋದೂ ನನಗೆ ಅಷ್ಟು ಇಷ್ಟ ಇಲ್ಲ. ಇಡೀ ರಾತ್ರಿ ಅವನು ತನ್ನ ನೆನಪಿನ ಬಲದಿಂದ ಸಾಬೀತು ಮಾಡಿದ್ದನ್ನ ಹಣೆಬರಹದ ಲೆಕ್ಕಕ್ಕೆ ಬರೆದುಬಿಟ್ಟ ಹಾಗಾಗುತ್ತೆ.

ಆಟದಲ್ಲಿ ಗೆದ್ದು ಬಡತನ ದಾಟೋದು ಎಷ್ಟು ಕಷ್ಟ ಅಂತ ನಿಜ ಜೀವನವೇ ತೋರಿಸಿದೆ. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಹಿಂದಿಯ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದಲ್ಲಿ 5 ಕೋಟಿ ಗೆದ್ದರು. ಕಡಿಮೆ ಸಂಬಳದ ಕಂಪ್ಯೂಟರ್ ಆಪರೇಟರ್ ಆಗಿದ್ದವರು. ಇಂಥ ಬಹುಮಾನದ ಮೇಲೆ 30 ಪರ್ಸೆಂಟ್ ತೆರಿಗೆ ಇರೋದರಿಂದ ಕೈಗೆ ಸಿಗೋದು ಅಷ್ಟು ಕಡಿಮೆ. ಗೆದ್ದ ಮೇಲಿನ ವರ್ಷಗಳು ಎಷ್ಟು ಕಷ್ಟದವು ಅಂತ ಆಮೇಲೆ ಅವರೇ ಬರೆದುಕೊಂಡರು. ಸಿನಿಮಾ ರೈಲ್ವೆ ಸ್ಟೇಷನ್ನಿನ ಕುಣಿತಕ್ಕೆ ಮುಗಿಯುತ್ತೆ, ಮಾರನೇ ದಿನ ಏನಾಗುತ್ತೆ ಅಂತ ಹೇಳೋದಿಲ್ಲ.

ಸಿನಿಮಾದಲ್ಲಿ ನಟಿಸಿದ ಮಕ್ಕಳ ಮಾರನೇ ದಿನ ಮಾತ್ರ ಎಲ್ಲರಿಗೂ ಗೊತ್ತಾಯ್ತು. ಪುಟ್ಟ ಸಲೀಂ ಆಗಿದ್ದ ಅಜರುದ್ದೀನ್, ಪುಟ್ಟ ಲತಿಕಾ ಆಗಿದ್ದ ರುಬಿನಾ ಇಬ್ಬರೂ ಬಾಂದ್ರಾ ಪೂರ್ವದ ಗರೀಬ್ ನಗರದವರು, ರೈಲು ಹಳಿಯ ಪಕ್ಕದ ಗುಡಿಸಲುಗಳು. ಫೆಬ್ರವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಆಸ್ಕರ್ ವೇದಿಕೆ ಹತ್ತಿದ್ದರು. ಅದೇ ವರ್ಷ ಮೇನಲ್ಲಿ ಇಬ್ಬರ ಮನೆಗಳನ್ನೂ ಒಡೆದರು, ಅಕ್ರಮ ಅಂತ. ಚಿತ್ರತಂಡ ಜೈ ಹೋ ಅನ್ನೋ ಟ್ರಸ್ಟ್ ಮಾಡಿ ಅವರ ಓದು, ಮನೆಗೆ ದುಡ್ಡು ಇಟ್ಟಿತು. ಜಗತ್ತೆಲ್ಲ ಮುಖ ಗುರುತಿಸೋ ಮಕ್ಕಳು. ಆದರೆ ಆ ಜಾಗ ಅವರದು ಅನ್ನೋಕೆ ಪುರಾವೆ ಇರಲಿಲ್ಲ.

ಈಗ ಧಾರಾವಿಯಲ್ಲಿ ನಡೀತಿರೋದೂ ಇದೇ ಪುರಾವೆಯ ಪ್ರಶ್ನೆ. 2022ರ ನವೆಂಬರ್‌ನಲ್ಲಿ ಧಾರಾವಿ ಪುನರಾಭಿವೃದ್ಧಿಯ ಟೆಂಡರ್ ಅದಾನಿ ಸಮೂಹಕ್ಕೆ ಆಯ್ತು. ಈ ಕೆಲಸಕ್ಕೆ ಮಾಡಿದ ಕಂಪನಿಯಲ್ಲಿ 80 ಪರ್ಸೆಂಟ್ ಅವರದು, 20 ಪರ್ಸೆಂಟ್ ಮಹಾರಾಷ್ಟ್ರ ಸರ್ಕಾರದ್ದು. ನಿಯಮ ಹೀಗಿದೆ. 2000ನೇ ಇಸವಿಯ ಜನವರಿ 1ಕ್ಕಿಂತ ಮೊದಲಿನಿಂದ ನೆಲಮಹಡಿಯಲ್ಲಿ ಇದ್ದೀವಿ ಅಂತ ತೋರಿಸಿದವರಿಗೆ ಧಾರಾವಿಯಲ್ಲೇ 350 ಚದರಡಿ ಮನೆ, ಪುಕ್ಕಟೆ. ಅಲ್ಲಿಂದ 2011ರವರೆಗೆ ಬಂದವರಿಗೆ ಧಾರಾವಿಯ ಹೊರಗೆ, 2.5 ಲಕ್ಷ ಕಟ್ಟಿದರೆ ಮನೆ. ಅದಾದ ಮೇಲೆ ಬಂದವರಿಗೆ, ಮೇಲಿನ ಅಟ್ಟದಲ್ಲಿ ಇರೋರಿಗೆ ಹೊರಗೆ, ಬಾಡಿಗೆ ಮತ್ತು ಕಂತಿನ ಲೆಕ್ಕದಲ್ಲಿ. ಮನೆ ಕೊಡ್ತಿದ್ದಾರಲ್ಲ, ಇನ್ನೇನು ಬೇಕು ಅಂತ ದೂರದಲ್ಲಿ ಕೂತವರಿಗೆ ಅನ್ನಿಸಬಹುದು. ಆದರೆ ಸರ್ವೆಯವರು ಬಾಗಿಲಿಗೆ ಬಂದಾಗ ಕೇಳೋ ಪ್ರಶ್ನೆ ಜಮಾಲ್‌ಗೆ ಕೇಳಿದ್ದೇ: ನೀನು ಇಲ್ಲಿಯವನು ಅಂತ ಹೇಗೆ ನಂಬೋದು?

ಅಲ್ಲಿ ಮನೆ ಅಂದರೆ ಬರೀ ಮಲಗೋ ಜಾಗ ಅಲ್ಲ. ಕುಂಭಾರವಾಡಾದಲ್ಲಿ ಕೆಳಗೆ ಮಡಕೆ ತಿರುಗುತ್ತೆ, ಮೇಲೆ ಸಂಸಾರ. ಚರ್ಮದ ಚೀಲ ಹೊಲೆಯೋರು, ಹಳೇ ಪ್ಲಾಸ್ಟಿಕ್ ಬೇರ್ಪಡಿಸೋರು, ಹಪ್ಪಳ ಒಣಗಿಸೋ ಹೆಂಗಸರು ಎಲ್ಲರಿಗೂ ಆ ಗಲ್ಲಿಯೇ ಕಾರ್ಖಾನೆ, ಆ ಗಲ್ಲಿಯೇ ಅಂಗಡಿ. ಅಟ್ಟದ ಮೇಲೆ ಬಾಡಿಗೆಗಿರೋ ಹೊಲಿಗೆಯವನು 15 ವರ್ಷ ದುಡಿದಿದ್ದರೂ ಬಾಡಿಗೆ ಚೀಟಿ ಇಲ್ಲ, ಕರೆಂಟ್ ಬಿಲ್ ಅವನ ಹೆಸರಲ್ಲಿ ಇಲ್ಲ. ಯಾವ ಗಲ್ಲಿ ಎಲ್ಲಿ ಸೇರುತ್ತೆ, ನೀರು ಎಷ್ಟು ಹೊತ್ತಿಗೆ ಬರುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತಾನೆ. ಆ ತಿಳಿವಳಿಕೆ ಯಾವ ಫಾರಂನಲ್ಲೂ ತುಂಬೋಕಾಗಲ್ಲ. ಮಡಕೆ ಸುಡೋ ಭಟ್ಟಿಗೆ 10ನೇ ಮಹಡಿಯಲ್ಲಿ ಜಾಗ ಎಲ್ಲಿ ಅಂತ ಅವರು ಕೇಳಿದರೆ ಅದು ಹಟ ಅಲ್ಲ, ಹೊಟ್ಟೆಯ ಪ್ರಶ್ನೆ.

ಇದು ಮುಂಬೈ ಕಥೆ ಅಂತ ನಾವು ಸುಮ್ಮನಿರೋ ಹಾಗಿಲ್ಲ. ನಮ್ಮ ರಾಜ್ಯದಲ್ಲಿ 1973ರ ಕೊಳೆಗೇರಿ ಕಾಯ್ದೆ ಇದೆ. ಸರ್ಕಾರ ಘೋಷಣೆ ಮಾಡಿದ ಕೊಳೆಗೇರಿಗೆ ನೀರು, ಚರಂಡಿ, ಹಕ್ಕುಪತ್ರದ ದಾರಿ ತೆರೆಯುತ್ತೆ. ಅಘೋಷಿತ ಅಂತ ಉಳಿದರೆ ಜನ ಕಣ್ಣೆದುರೇ ಇದ್ದರೂ ಕಾಗದದಲ್ಲಿ ಇಲ್ಲ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳ ಮನೆ ಒಡೆದಾಗ ಹೆಂಗಸರು ಚಳಿಯಲ್ಲಿ ಬೀದಿ ಬದಿ ಪಾತ್ರೆಗಳ ಪಕ್ಕ ಕೂತಿದ್ದರು. ಆಗಲೂ ಮಾತು ಬಂದದ್ದು ನಿಜವಾದ ಫಲಾನುಭವಿ ಯಾರು, ಬಾಡಿಗೆಯವರು ಯಾರು ಅಂತಲೇ.

ಹಾಗಾಗಿ ಈ ಸಿನಿಮಾ ನೋಡಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಮೊದಲೇ ನೋಡಿದ್ದರೆ ಇನ್ನೊಂದು ಸಲ ನೋಡಿ, 2 ಕೋಟಿ ಮರೆತು, ಪೊಲೀಸ್ ಸ್ಟೇಷನ್ನಿನ ಆ ಕೋಣೆ ಮೇಲೆ ಕಣ್ಣಿಟ್ಟು ನೋಡಿ. ನನ್ನ ಪ್ರಕಾರ ಸಿನಿಮಾದ ದೊಡ್ಡ ಗೆಲುವು ಕೊನೆಯ ಉತ್ತರ ಅಲ್ಲ. ಎಲ್ಲ ಕೇಳಿದ ಮೇಲೆ ಇನ್‌ಸ್ಪೆಕ್ಟರ್ ಅವನನ್ನ ನಂಬಿ ಬಿಟ್ಟು ಕಳಿಸ್ತಾನಲ್ಲ, ಅದು. ಅಷ್ಟು ಹೊತ್ತು ಕೂತು ಅವನ ಕಥೆ ಕೇಳಿದವನು ಅವನೊಬ್ಬನೇ.

ಆ ಭಾನುವಾರ ಸಿನಿಮಾ ಮುಗಿಯೋ ಹೊತ್ತಿಗೆ ಹುಡುಗನ ಅಮ್ಮ ಇಸ್ತ್ರಿ ಆದ ಬಟ್ಟೆ ಕೊಡೋಕೆ ಬಂದರು. ಬಾಗಿಲ ಹತ್ತಿರವೇ ನಿಂತು ಕೊನೆಯ ಹತ್ತು ನಿಮಿಷ ನೋಡಿದರು. ಅವರ ತೋಳಿನಲ್ಲಿ ಒಂದು ದಪ್ಪ ಪ್ಲಾಸ್ಟಿಕ್ ಕವರ್ ಇತ್ತು. ರೇಷನ್ ಕಾರ್ಡು, ಆಧಾರ್, ಓನರ್ ಬರೆದುಕೊಟ್ಟ ಬಾಡಿಗೆ ಚೀಟಿ, ಮಗನ ಟಿಸಿ ಎಲ್ಲ ಅದರೊಳಗೆ. ಮಗನ ಸ್ಕಾಲರ್‌ಶಿಪ್ಪಿಗೆ ಯಾವುದೋ ಒಂದು ಕಾಗದ ಕಮ್ಮಿ ಅಂದಿದ್ದರಂತೆ, ಅದೇನು ಅಂತ ನೋಡಿ ಹೇಳಿ ಅಂತ ತಂದಿದ್ದರು. ಟಿವಿಯಲ್ಲಿ ಹುಡುಗ ಗೆದ್ದ, ಜನ ಕುಣಿದರು. ಅವರು ಮಗನ ಕಡೆ ತಿರುಗಿ, “ಅವನಿಗೆ ದುಡ್ಡು ಕೈಗೆ ಸಿಕ್ತೇನೋ?” ಅಂತ ಕೇಳಿದರು. ಚೆಕ್ ಕೊಟ್ರು ಅಮ್ಮ ಅಂದ ಅವನು.

“ಚೆಕ್ ಆದ್ರೆ ಬ್ಯಾಂಕಿಗೆ ಹಾಕಬೇಕಲ್ಲ” ಅಂದರು. “ಅವನ ಹತ್ರ ಅಡ್ರೆಸ್ ಪ್ರೂಫ್ ಇದೆಯಾ?”